ರಾಡಿ ನೀರಿಗೆ ಯಾವ ಬಣ್ಣ

ಫೆಬ್ರವರಿ ೧೧

ತಕ್ಕಡಿಗೆ,

ಪೊಟ್ಟಣ ಬಿಚ್ಚುವಾಗ ಹುಷಾರು. ಒಳಗಿರುವ ಮೂರು ಮರದ ಮೀನುಗಳಿಗೂ ಕೊಕ್ಕೆ ಹಾಗೇ ಇದೆ. ಹೋದ ವರ್ಷ ಯಾರಿಗೋ ಕಳಿಸಿದಾಗ ಅಂಚೆಯವನ ಹೆಬ್ಬೆರಳಿಗೆ ಚುಚ್ಚಿ, ಅವನು ನನ್ನ ವಂಶದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನೆದನಂತೆ.

ವಿಷಯ ಏನೆಂದರೆ, ನಾನೊಂದು ಪುಸ್ತಕ ಮಾಡುತ್ತಿದ್ದೇನೆ. ನಗಬೇಡ. ನಲವತ್ತೇ ಪುಟ. ಅಂಗಿ ಜೇಬಿನಲ್ಲಿ ಹಿಡಿಸಬೇಕು, ಒದ್ದೆ ಕೈಯಲ್ಲಿ ಮುಟ್ಟಿದರೂ ಹರಿಯಬಾರದು. ಬ್ಯಾಸ್ ಮೀನು ಹಿಡಿಯಲು ಹೊರಟವನು ಯಾವ ನೀರಿಗೆ, ಯಾವ ಬೆಳಕಿಗೆ, ಯಾವ ಬಣ್ಣದ ಮರದ ಮೀನನ್ನು ಎರೆಯಾಗಿ ದಾರಕ್ಕೆ ಕಟ್ಟಬೇಕು, ಅಷ್ಟೇ ವಿಷಯ. ತಿಳಿನೀರಿಗೆ ಬೆಳ್ಳಿ ಹೊಟ್ಟೆ, ಹೊಗೆಬಣ್ಣದ ಬೆನ್ನು. ಟೀ ಬಣ್ಣದ ನೀರಿಗೆ ಚಿನ್ನದ ಪಕ್ಕೆ, ಕಪ್ಪು ಬೆನ್ನು. ಮೋಡ ಮುಚ್ಚಿದ್ದರೆ ಹೊಳಪು ಬೇಡ, ಗೆರೆ ದಪ್ಪವಿರಲಿ. ಅಂಗಡಿಗಳ ಬೋರ್ಡು ಬರೆಯುವುದನ್ನು ಬಿಟ್ಟು ಹನ್ನೊಂದು ವರ್ಷ ಇದನ್ನೇ ಬಳಿದಿದ್ದೇನೆ. ಕೈಗೆ ಗೊತ್ತಿರುವುದನ್ನು ಒಂದು ಸಲ ಕಾಗದಕ್ಕೂ ಹೇಳಿಬಿಡೋಣ ಅನ್ನಿಸಿತು.

ಅವಸರಕ್ಕೆ ಕಾರಣ ಕಣ್ಣು. ಎರಡರಲ್ಲೂ ಪೊರೆ. ಈಗ ನೇರಳೆ ಎಲ್ಲ ಕಂದಾಗಿ ಕಾಣುತ್ತದೆ. ಬಾಟಲಿಯ ಮೇಲಿನ ಹೆಸರು ಓದಿ ಬಣ್ಣ ಕಲಸುತ್ತಿದ್ದೇನೆ, ಕುರುಡ ಉಪ್ಪು ಹಾಕಿದ ಹಾಗೆ. ಬೇಸಿಗೆಯ ಕೊನೆಗೆ ಶಸ್ತ್ರಚಿಕಿತ್ಸೆ. ಅಷ್ಟರೊಳಗೆ ಪುಸ್ತಕ ಅಚ್ಚಿಗೆ ಹೋಗಬೇಕು.

ಉಳಿದಿರುವುದು ಒಂದೇ ಪುಟ, ರಾಡಿ ನೀರಿನದು. ಅಲ್ಲಿ ನಿನ್ನ ಬಣ್ಣ ಬರಬೇಕು. ನೇರಳೆ ಬೆನ್ನು, ಕಿತ್ತಳೆ ಹೊಟ್ಟೆ, ನಡುವೆ ಬಿಳಿ ಗೆರೆ. ನಮ್ಮ ಮೀನು ಹಿಡಿಯುವವರ ಸಂಘದಲ್ಲಿ ಎಲ್ಲರೂ ಈಗಲೂ ಅದನ್ನು ‘ತಕ್ಕಡಿ ಬಣ್ಣ’ ಅಂತಲೇ ಕರೆಯುವುದು. ಆದರೆ ಎಂಥ ನೇರಳೆ? ಬದನೆಕಾಯಿ ಸಿಪ್ಪೆಯದೋ, ಶಾಯಿ ಚೆಲ್ಲಿದ್ದೋ? ನಿನ್ನ ಆ ಮರದ ಮೀನು ನೀರಿನಲ್ಲಿ ಹೋಯಿತು. ನಾನು ನೋಡಲೇ ಇಲ್ಲ. ನಿನ್ನ ಬಾಯಿಮಾತಿನ ಮೇಲೆ ಈವರೆಗೆ ಮೂವತ್ತೆಂಟು ನೇರಳೆ ಕಲಸಿದ್ದೇನೆ. ಅದರಲ್ಲಿ ಮೂರನ್ನು ಆರಿಸಿ ಕಳಿಸಿದ್ದೇನೆ. ಹೊಟ್ಟೆಯ ಮೇಲೆ ಅಂಕಿ ಗೀಚಿದ್ದೇನೆ: ಒಂಬತ್ತು, ಇಪ್ಪತ್ತೆರಡು, ಮೂವತ್ತಾರು. ಬಿಸಿಲಿಗೆ ಹಿಡಿದು ನೋಡಿ, ಯಾವುದು ಅಂತ ಬರೆ. ಫೋನು ಮಾಡಬೇಡ. ಫೋನಿನಲ್ಲಿ ನೀನು ಹ್ಞೂ ಹ್ಞೂ ಅಂದು ಜಾರಿಕೊಳ್ಳುತ್ತೀಯ.

ನಿನ್ನ ಭಾವ

ನಾನು ಅಕ್ಕ. ಮನೆ ತುಂಬ ಬರೀ ನೇರಳೆ ಕಣೋ. ನನ್ನ ಬಿಳಿ ಸೀರೆಗೂ ಹತ್ತಿದೆ. ಬೇಗ ಒಂದು ಹೇಳಿ ಪುಣ್ಯ ಕಟ್ಕೋ.


ಫೆಬ್ರವರಿ ೨೪

ಭಾವ,

ಮೂರೂ ಮೀನು ಕ್ಷೇಮವಾಗಿ ತಲುಪಿವೆ. ಕಚೇರಿಯ ಮೇಜಿನ ಮೇಲೆ, ಪರೀಕ್ಷೆಗೆ ಬಂದಿರುವ ತೂಕದ ಬಟ್ಟುಗಳ ಪಕ್ಕದಲ್ಲಿ ಸಾಲಾಗಿ ಇಟ್ಟಿದ್ದೇನೆ. ನಮ್ಮ ಗುಮಾಸ್ತೆ, “ಸಾರ್, ಇವಕ್ಕೂ ಸೀಲ್ ಹಾಕ್ಬೇಕಾ?” ಎಂದು ಕೇಳಿದಳು. ಮೂರನ್ನೂ ಡ್ರಾಯರಿಗೆ ಹಾಕಿದೆ.

ನಿಮ್ಮ ಕಣ್ಣಿನ ಸುದ್ದಿ ಓದಿ ಬೇಸರವಾಯಿತು. ಈಗಿನ ಶಸ್ತ್ರಚಿಕಿತ್ಸೆ ಅರ್ಧ ಗಂಟೆಯ ಕೆಲಸವಂತೆ. ಹೆದರಬೇಡಿ.

ಪುಸ್ತಕದ ಆಲೋಚನೆ ಚೆನ್ನಾಗಿದೆ. ಆದರೆ ರಾಡಿ ನೀರಿನ ಪುಟದ ಬಗ್ಗೆ ನನಗೆ ಅನುಮಾನವಿದೆ. ಒಂದು ದಿನ, ಒಂದು ಮೀನು. ಅದರಿಂದ ನಿಯಮ ಮಾಡಲಾಗುವುದಿಲ್ಲ. ನಮ್ಮ ಇಲಾಖೆಯಲ್ಲಿ ಒಂದು ಬಟ್ಟನ್ನು ಒಂದೇ ಸಲ ತೂಗಿ ಯಾರೂ ಸಹಿ ಹಾಕುವುದಿಲ್ಲ. ಅಲ್ಲದೆ ಹನ್ನೊಂದು ವರ್ಷವಾಯಿತು. ಬಣ್ಣ ನೆನಪಿನಲ್ಲಿ ಇದ್ದ ಹಾಗೆ ಇರುವುದಿಲ್ಲ. ಆ ಪುಟಕ್ಕೆ ನಿಮ್ಮದೇ ಅನುಭವದ ಬಣ್ಣವನ್ನು ಹಾಕುವುದು ಮೇಲು. ಕಪ್ಪು ಮತ್ತು ನೀಲಿ ರಾಡಿಯಲ್ಲಿ ಕಾಣುತ್ತದೆಂದು ನೀವೇ ಹೇಳುತ್ತಿದ್ದಿರಿ.

ಆರ್ಥಿಕ ವರ್ಷದ ಕೊನೆಯಾದ್ದರಿಂದ ದಿನವೂ ಮಾರುಕಟ್ಟೆಯ ತಪಾಸಣೆ. ಅಂಗಡಿಯಿಂದ ಅಂಗಡಿಗೆ ತಕ್ಕಡಿಯ ತಟ್ಟೆ ಮಗುಚಿ ನೋಡಿ ನೋಡಿ ಸೊಂಟ ಹಿಡಿದಿದೆ. ಉತ್ತರ ತಡವಾದದ್ದು ಅದಕ್ಕೇ.

ಅಕ್ಕನಿಗೆ ಸೀರೆಯ ಕಲೆಗೆ ಸೀಮೆಎಣ್ಣೆ ಉಜ್ಜಲು ಹೇಳಿ.

ನಿಮ್ಮ
ತಕ್ಕಡಿ


ಮಾರ್ಚ್ ೩

ತಕ್ಕಡಿ,

ನಿನಗೆ ನೆನಪಿಲ್ಲ ಅಂದರೆ ನಾನು ನಂಬಬೇಕೆ? ನಮ್ಮ ಮದುವೆಯ ಉಂಗುರ ಎಷ್ಟು ಗ್ರಾಂ ಅಂತ ಇವತ್ತಿಗೂ ಹೇಳುವವನು ನೀನು.

ನಿನಗೆ ಸಂಕೋಚ. ಹೊಗಳಿಕೆ ಅಂದರೆ ಚಿಕ್ಕಂದಿನಿಂದ ಮೈ ಚಳಿ ಬಿಡುವುದಿಲ್ಲ ಅಂತ ನಿನ್ನ ಅಕ್ಕನೂ ಹೇಳುತ್ತಾಳೆ. ಅದಕ್ಕೇ ಆ ದಿನವನ್ನು ನಾನೇ ಬರೆದಿಟ್ಟಿದ್ದೇನೆ. ಪುಸ್ತಕದ ಮೊದಲ ಪುಟ ಅದೇ. ಎಲ್ಲಾದರೂ ತಪ್ಪಿದ್ದರೆ ತಿದ್ದು.

‘ಸಂಘದ ಸ್ಪರ್ಧೆ ಬೆಳಿಗ್ಗೆ ಏಳಕ್ಕೆ ಶುರು, ಎರಡಕ್ಕೆ ಮುಕ್ತಾಯ. ನಿಯಮ ಒಂದೇ: ಜೀವಂತ ಎರೆ ಕೂಡದು, ಬಣ್ಣ ಬಳಿದ ಮೀನು ಮಾತ್ರ. ಎಂಟರ ಹೊತ್ತಿಗೆ ನನಗೊಂದು ಸಿಕ್ಕಿತು. ಒಂಬತ್ತಕ್ಕೆ ಮೇಲಿನ ತೂಬು ತೆಗೆದರು. ಹತ್ತು ನಿಮಿಷದಲ್ಲಿ ಕೆರೆಯೆಲ್ಲ ಇಟ್ಟಿಗೆ ಪುಡಿ ಕದಡಿದ ಹಾಗಾಯಿತು. ಇಪ್ಪತ್ತೆರಡು ಜನ ನಾಲ್ಕೂವರೆ ಗಂಟೆ ಎಸೆದರೂ ಒಬ್ಬರ ದಾರವೂ ಅಲುಗಲಿಲ್ಲ. ಒಂದೂ ನಲವತ್ತಕ್ಕೆ ನನ್ನ ಭಾವಮೈದ ತಿರುವಿನ ಕಡೆಯಿಂದ ಬಂದ. ಕೈಯಲ್ಲಿ ಎರಡು ಕಿಲೋ ಮುನ್ನೂರ ನಲವತ್ತು ಗ್ರಾಮಿನ ಬ್ಯಾಸ್. ನನ್ನದು ಎರಡು ಇನ್ನೂರ ತೊಂಬತ್ತು. ನಾನು ಐವತ್ತು ಗ್ರಾಮಿನಿಂದ ಸೋತೆ.

“ಯಾವ ಬಣ್ಣವೋ?” ಅಂದೆ. ಅವನು ಒಂದು ಕ್ಷಣ ಸುಮ್ಮನಿದ್ದ. ಆಮೇಲೆ, “ನೇರಳೆ ಬೆನ್ನು ಭಾವ, ಕಿತ್ತಳೆ ಹೊಟ್ಟೆ, ಮಧ್ಯೆ ಒಂದು ಬಿಳಿ ಗೆರೆ,” ಅಂದ. “ತೋರ್ಸು ನೋಡೋಣ” ಅಂದರೆ, “ಆಮೇಲಿನ ಎಸೆತದಲ್ಲಿ ಮುಳುಗಿದ ಮರಕ್ಕೆ ಸಿಕ್ಕಿ ದಾರ ಹರೀತು” ಅಂದ.

ಆ ಒಂದು ಕ್ಷಣ ಅವನು ಯಾಕೆ ಸುಮ್ಮನಿದ್ದ ಅಂತ ನನಗೆ ಗೊತ್ತು. ಗುಟ್ಟು ಬಿಟ್ಟುಕೊಡಬೇಕೋ ಬೇಡವೋ ಅಂತ ಒಳಗೇ ಜಗ್ಗಾಡುತ್ತಿದ್ದ. ಮೀನು ಹಿಡಿಯುವವರಲ್ಲಿ ಬಣ್ಣವನ್ನು ನಿಜ ಹೇಳುವವನು ಹುಟ್ಟಿಲ್ಲ. ಇವನು ತನ್ನಿಂದ ಸೋತವನಿಗೇ ಹೇಳಿದ. ಅವತ್ತು ಸಂಜೆ ಮನೆಗೆ ಬಂದು ಬೋರ್ಡಿನ ಬಣ್ಣದಲ್ಲೇ ಒಂದು ಮರದ ಮೀನು ಬಳಿದೆ. ನನ್ನ ಈ ಕಸುಬು ಹುಟ್ಟಿದ್ದು ಹಾಗೆ.’

ಸರಿಯಾಗಿದೆಯೋ? ಒಂದಕ್ಷರವೂ ಉಪ್ಪುಖಾರ ಹಚ್ಚಿಲ್ಲ. ಈಗ ಡ್ರಾಯರಿನಿಂದ ಮೂರನ್ನೂ ತೆಗೆದು ಕಿಟಕಿ ಹತ್ತಿರ ಹೋಗು. ಅಂಕಿ ಬರೆ.

ನಿನ್ನ ಭಾವ

ಅಕ್ಕ: ಸೀಮೆಎಣ್ಣೆ ಉಜ್ಜಿದ್ದಕ್ಕೆ ಕಲೆ ಅಂಗೈ ಅಗಲ ಆಯ್ತು. ನಿನ್ನ ಬುದ್ಧಿ ನೀನೇ ಇಟ್ಕೋ.


ಮಾರ್ಚ್ ೧೯

ಭಾವ,

ಕಿಟಕಿಯ ಬಳಿ ಹಿಡಿದು ನೋಡಿದೆ.

ಒಂಬತ್ತು.

ನಾಳೆಯಿಂದ ಹತ್ತು ದಿನ ಪೆಟ್ರೋಲ್ ಬಂಕುಗಳ ಅಳತೆಗೆ ಹೋಗುತ್ತಿದ್ದೇನೆ. ಉತ್ತರ ಬರೆದರೆ ಕೈಗೆ ಸಿಗುವುದು ತಡವಾಗಬಹುದು.

ತಕ್ಕಡಿ


ಏಪ್ರಿಲ್ ೨

ತಕ್ಕಡಿ,

ನಿನ್ನ ಮೂರು ಸಾಲಿನ ಕಾಗದವನ್ನು ಎಷ್ಟು ಸಲ ಓದಿದೆನೋ. ಒಂಬತ್ತು ಅಂದೆಯಲ್ಲ, ನನ್ನ ತಲೆಯ ಮೇಲಿದ್ದ ದೊಡ್ಡ ಮೂಟೆ ಇಳಿಯಿತು, ಇನ್ನೊಂದು ಚಿಕ್ಕ ಮೂಟೆ ಏರಿತು.

ಒಂಬತ್ತನೆಯದು ನಾನು ಎರಡನೆಯ ವರ್ಷ ಕಲಸಿದ ನೇರಳೆ. ಅದನ್ನು ಒಂದು ಇಡೀ ಮಳೆಗಾಲ ರಾಡಿ ನೀರಿನಲ್ಲಿ ಎಸೆದಿದ್ದೇನೆ. ಒಂದೂ ಕಚ್ಚಲಿಲ್ಲ. ಆಗ ನಾನು ಬಣ್ಣ ಸರಿಬಂದಿಲ್ಲ ಅಂತ ಅಂದುಕೊಂಡು ಹತ್ತನೆಯದು ಕಲಸಿದೆ, ಹನ್ನೊಂದನೆಯದು ಕಲಸಿದೆ, ಹೀಗೇ ಮೂವತ್ತೆಂಟರ ತನಕ ಬಂದೆ. ಸಂಘದ ನಾಲ್ಕು ಜನ ನಿನ್ನ ಬಣ್ಣದಲ್ಲೇ ಮೀನು ಹಿಡಿದೆವು ಅನ್ನುತ್ತಾರೆ. ನನಗೆ ಮಾತ್ರ ರಾಡಿ ನೀರಿನಲ್ಲಿ ಈ ಹನ್ನೊಂದು ವರ್ಷದಲ್ಲಿ ಒಂದೂ ಇಲ್ಲ. ಆ ಪುಟಕ್ಕೆ ಬೇರೆ ಬಣ್ಣ ಹಾಕು ಅಂತ ನೀನು ಬರೆದಿದ್ದೆ. ಮಾಡಬಹುದಿತ್ತು. ಆದರೆ ನಿಜ ಅಂತ ಗೊತ್ತಿರುವ ಒಂದನ್ನು ಬಿಟ್ಟು ಊಹೆಯದನ್ನು ಯಾಕೆ ಹಿಡಿಯಲಿ?

ಈಗ ಗೊತ್ತಾಯಿತು. ಬಣ್ಣ ಎರಡನೆಯ ವರ್ಷವೇ ಸರಿಯಾಗಿತ್ತು. ಸರಿಯಿಲ್ಲದ್ದು ನನ್ನ ಕೈ. ಎಸೆಯುವುದರಲ್ಲೋ, ಎಳೆಯುವುದರಲ್ಲೋ, ಎಲ್ಲೋ ಒಂದು ಕಡೆ ನನ್ನ ಮಣಿಕಟ್ಟಿನಲ್ಲಿ ಜಡ ಇದೆ. ಬೇಜಾರಿಲ್ಲ. ಅರವತ್ತಕ್ಕಾದರೂ ತಿಳಿಯಿತಲ್ಲ.

ಇದನ್ನೂ ಪುಸ್ತಕದಲ್ಲಿ ಹಾಕುತ್ತಿದ್ದೇನೆ. ರಾಡಿ ನೀರಿನ ಪುಟದ ಕೊನೆಯ ಸಾಲು ಹೀಗಿದೆ: ‘ಈ ಬಣ್ಣ ಫಲ ಕೊಡದಿದ್ದರೆ ಓದುಗರು ಬಣ್ಣವನ್ನು ಶಂಕಿಸಬಾರದು. ಬರೆದವನಿಗೂ ಅದು ಒಲಿಯಲಿಲ್ಲ. ಅದಕ್ಕೆ ಬರೆದವನಿಗಿಂತ ಒಳ್ಳೆಯ ಕೈ ಬೇಕು.’

ತಿಂಗಳ ಕೊನೆಗೆ ಮುದ್ರಣಾಲಯದವನಿಗೆ ಕೊಡುತ್ತೇನೆ.

ನಿನ್ನ ಭಾವ

ಅಕ್ಕ: ನಿನ್ನೆಯಿಂದ ಹಿತ್ತಲಲ್ಲಿ ನಿಂತು ಬರೀ ಕೋಲು ಬೀಸ್ತಾ ಇದಾರೆ, ದಾರಾನೂ ಇಲ್ಲ ನೀರೂ ಇಲ್ಲ. ಯಾಕ್ರೀ ಅಂದ್ರೆ ಮಣಿಕಟ್ಟು ತಿದ್ಕೋತಿದೀನಿ ಅಂತಾರೆ. ಪಕ್ಕದ ಮನೆಯವ್ರು ಬೇಲಿ ಮೇಲಿಂದ ನೋಡ್ತಾರೆ. ನೀನಾದ್ರೂ ಒಂದು ಮಾತು ಹೇಳೋ.


ಏಪ್ರಿಲ್ ೯

ಭಾವ,

ಪುಸ್ತಕವನ್ನು ಅಚ್ಚಿಗೆ ಕೊಡಬೇಡಿ.

ನಿಮ್ಮ ಕೈಯಲ್ಲಿ ಯಾವ ದೋಷವೂ ಇಲ್ಲ. ಆ ಮೀನನ್ನು ನಾನು ಹಿಡಿದದ್ದು ಎರೆಹುಳುವಿನಿಂದ.

ಇದರ ಮುಂದೆ ಏನು ಬರೆದರೂ ಅದು ಈ ವಾಕ್ಯವನ್ನು ಸ್ವಲ್ಪ ತೆಳುವಾಗಿಸಲು ಸುರಿಯುವ ನೀರು. ಆದರೂ ಬರೆಯುತ್ತೇನೆ. ನೀವು ಒಂದಕ್ಷರವೂ ಕೂಡಿಸದೆ ಆ ದಿನವನ್ನು ಬರೆದಿದ್ದೀರಿ. ನನ್ನ ಪಾಲಿನದನ್ನು ನಾನೂ ಹಾಗೆಯೇ ಬರೆಯಬೇಕು.

ತಿರುವಿನಾಚೆ ನಾನೊಬ್ಬನೇ ಇದ್ದೆ. ಒಂದು ಗಂಟೆ ದಾಟಿತ್ತು. ಕಾಲು ಸೋತು, ಕೂರಲು ಅನುಕೂಲವಾಗಲೆಂದು ದಡದ ಒಂದು ಕಲ್ಲನ್ನು ಸರಿಸಿದೆ. ಅದರ ಕೆಳಗೆ ಹುಳು ಇತ್ತು. ನಾನು ಅದನ್ನು ಹುಡುಕಿಕೊಂಡು ಹೋಗಿರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜವೇ. ಆದರೆ ಪೆಟ್ಟಿಗೆಯ ಮೂಲೆಯಲ್ಲಿ, ಕಾಗದದಲ್ಲಿ ಸುತ್ತಿದ ಒಂದು ಖಾಲಿ ಕೊಕ್ಕೆ ಇತ್ತು. ಮರದ ಮೀನಿನ ಸ್ಪರ್ಧೆಗೆ ಹೊರಟವನ ಬಳಿ ಖಾಲಿ ಕೊಕ್ಕೆಗೆ ಕೆಲಸವಿಲ್ಲ. ಅದನ್ನು ಅಲ್ಲಿ ಇಟ್ಟವನು ನಾನೇ. ಯಾವಾಗ, ಏನೆಂದುಕೊಂಡು ಇಟ್ಟೆ ಎಂಬುದು ಮಾತ್ರ ನೆನಪಿಲ್ಲ.

ಒಂದು ನಿಮಿಷವೂ ಆಗಲಿಲ್ಲ, ಮೀನು ಕಚ್ಚಿತು.

ಕಾರಣ ಹುಡುಕಿದ್ದೇನೆ. ಅಂದು ಬೆಳಿಗ್ಗೆ ಅಕ್ಕ ದಡದಿಂದ ಎಲ್ಲರಿಗೂ ಕೇಳುವಂತೆ ಕೂಗಿದ್ದಳು: “ನಿಮ್ಮ ಭಾವಂಗೆ ಒಂದು ಸಿಕ್ತು ಕಣೋ! ನಿಂಗೇನು, ನಿದ್ದೆ ಬಂತಾ?” ಜನ ನಕ್ಕರು, ನಾನೂ ನಕ್ಕೆ. ಅದು ಕಾರಣವಲ್ಲ, ಕಾರಣವೆಂದರೆ ಅವಳ ಮೇಲೆ ಹೊರಿಸಿದಂತಾಗುತ್ತದೆ. ಮಾಡಿದ ಕೆಲಸದಷ್ಟು ದೊಡ್ಡ ಕಾರಣ ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ.

ಇನ್ನು ಆ ಒಂದು ಕ್ಷಣ. ಗುಟ್ಟು ಬಿಟ್ಟುಕೊಡಲೋ ಬೇಡವೋ ಎಂದು ನಾನು ಜಗ್ಗಾಡುತ್ತಿರಲಿಲ್ಲ. ಬಾಯಿಗೆ ಬಣ್ಣ ಬರಲಿಲ್ಲ, ಅಷ್ಟೇ. ನನ್ನ ಪೆಟ್ಟಿಗೆಯಲ್ಲಿದ್ದ ಯಾವುದನ್ನು ಹೇಳಿದರೂ ನೀವು ತೋರಿಸು ಎನ್ನುತ್ತಿದ್ದಿರಿ. ಒಣಗಿದ್ದ ಮರದ ಮೀನುಗಳನ್ನು ನೋಡಿದರೆ, ಅವು ಆಗಷ್ಟೇ ನೀರಿಗಿಳಿದಿಲ್ಲವೆಂದು ನಿಮಗೆ ತಿಳಿಯುತ್ತಿತ್ತು. ಇಲ್ಲದ ಒಂದು ಬೇಕಿತ್ತು. ನೀವು ನನ್ನೆದುರು ನಿಂತಿದ್ದಿರಿ. ನಿಮ್ಮ ಹೆಗಲ ಮೇಲೆ ಅಕ್ಕನ ಟವೆಲ್ ಇತ್ತು: ನೇರಳೆ ಮೈ, ಕಿತ್ತಳೆ ಅಂಚು, ನಡುವೆ ಬಿಳಿ ಗೆರೆ. ಅದನ್ನು ನೋಡಿ ಹೇಳಿದೆ.

ಅಷ್ಟು ಹೇಳಿ ಮುಗಿಯುತ್ತದೆ ಎಂದುಕೊಂಡಿದ್ದೆ. ನೀವು ಅದನ್ನು ಬಳಿಯಲು ಕೂರುತ್ತೀರೆಂದು, ಬಳಿಯುತ್ತಲೇ ಇರುತ್ತೀರೆಂದು ನನಗೆ ಹೊಳೆಯಲಿಲ್ಲ. ಮೊದಲ ವರ್ಷ ಹೇಳಬಹುದಿತ್ತು. ಎರಡನೆಯ ವರ್ಷ ಸಂಘದವರು ಗೋಡೆಗೆ ನನ್ನ ಹೆಸರಿನ ಹಿತ್ತಾಳೆಯ ಫಲಕ ಹಾಕಿದರು. ನನಗೆ ಈ ಊರಿಗೆ ವರ್ಗವಾದಾಗ, ಆರು ಗಂಟೆಯ ರೈಲು ಪ್ರಯಾಣ ಎಂದು ನೀವು ಮರುಗಿದಿರಿ. ನಾನು ಒಳಗೊಳಗೆ ಸಮಾಧಾನಪಟ್ಟೆ. ವರ್ಗವನ್ನು ಕೇಳಿ ಪಡೆದವನು ನಾನೇ.

ಹೋದ ತಿಂಗಳು ‘ಒಂಬತ್ತು’ ಎಂದು ಬರೆದದ್ದು ಎರಡನೆಯ ಸುಳ್ಳು. ಮೊದಲನೆಯದಕ್ಕೆ ಒಂದು ಕ್ಷಣ ಸಾಕಾಗಿತ್ತು. ಎರಡನೆಯದಕ್ಕೆ ಹದಿನಾರು ದಿನ ತೆಗೆದುಕೊಂಡೆ. ಮೂರರಲ್ಲಿ ಅದು ಕೈಗೆ ಹತ್ತಿರವಿತ್ತು.

ಇಪ್ಪತ್ತಾರು ವರ್ಷದಿಂದ ಅಂಗಡಿಯವರ ತಕ್ಕಡಿಯ ತಟ್ಟೆಯ ಕೆಳಗೆ ಬೆರಳಾಡಿಸಿ ಅಂಟಿಸಿದ ಮೇಣ ಹುಡುಕುತ್ತಿದ್ದೇನೆ. ಸಿಕ್ಕಿಬಿದ್ದವರೆಲ್ಲ ಒಂದೇ ಮಾತು ಹೇಳುತ್ತಾರೆ: “ನಂಗೆ ಗೊತ್ತೇ ಇರ್ಲಿಲ್ಲ ಸಾರ್.” ಅವರಿಗೆ ಕನಿಷ್ಠ ಆ ಮಾತು ಇದೆ.

ಹಿತ್ತಲಲ್ಲಿ ಕೋಲು ಬೀಸುವುದನ್ನು ದಯವಿಟ್ಟು ನಿಲ್ಲಿಸಿ. ಅಕ್ಕನಿಗೆ ಈ ಕಾಗದವನ್ನು ನೀವೇ ಓದಿ ಹೇಳಿ. ನನಗೆ ಧೈರ್ಯವಿಲ್ಲ.

ಇವನು


ಮೇ ೧೪

ಭಾವ,

ಉತ್ತರವನ್ನು ನಿರೀಕ್ಷಿಸುವ ಹಕ್ಕು ನನಗಿಲ್ಲ. ಒಂದು ವಿಷಯ ತಿಳಿಸಬೇಕಿತ್ತು, ಅದಕ್ಕೆ ಬರೆಯುತ್ತಿದ್ದೇನೆ.

ಕಳೆದ ಭಾನುವಾರ ನಿಮ್ಮ ಊರಿಗೆ ಬಂದಿದ್ದೆ. ಮನೆಯ ಕಡೆ ಬರಲಿಲ್ಲ. ಬೀದಿಯ ತಿರುವಿನವರೆಗೆ ಬಂದು, ನಿಮ್ಮ ಗೇಟಿನ ಮೇಲೆ ಒಣಗಲು ನೇತುಹಾಕಿದ ಮರದ ಮೀನುಗಳನ್ನು ದೂರದಿಂದ ನೋಡಿ ಹಿಂತಿರುಗಿದೆ.

ಸಂಘಕ್ಕೆ ಹೋಗಿ ಕಾರ್ಯದರ್ಶಿಯವರ ಎದುರು, ಇನ್ನೂ ಏಳೆಂಟು ಜನರ ಎದುರು, ನಡೆದದ್ದನ್ನು ಹೇಳಿದೆ. ಗೆದ್ದ ಬಟ್ಟಲನ್ನು ಮೇಜಿನ ಮೇಲಿಟ್ಟೆ. ಕಾರ್ಯದರ್ಶಿ, “ಅಯ್ಯೋ ಬಿಡಿ ಸಾರ್, ಹನ್ನೊಂದು ವರ್ಷ ಆಯ್ತು, ಆ ಮೀನೂ ಮರೆತಿರತ್ತೆ” ಎಂದರು. ಎಲ್ಲರೂ ನಕ್ಕರು. ಒಬ್ಬರು ಟೀ ತರಿಸಿದರು. ಫಲಕವನ್ನು ತೆಗೆಯಲು ಕೇಳಿದಾಗ, ತೆಗೆದರೆ ಗೋಡೆಯ ಸುಣ್ಣ ಕಿತ್ತು ಬರುತ್ತದೆ ಎಂದರು. ನಾನೇ ಸ್ಕ್ರೂ ಬಿಚ್ಚಿದೆ. ಸುಣ್ಣ ಕಿತ್ತು ಬಂತು. ಅದರ ಜಾಗದಲ್ಲಿ ಈಗ ಅಂಗೈ ಅಗಲದ ಒಂದು ಚೌಕ ಇದೆ.

ಬೈಸಿಕೊಳ್ಳಲು ಹೋದವನಿಗೆ ಟೀ ಕುಡಿಸಿ ಕಳಿಸಿದರು. ಅದನ್ನು ಕುಡಿದೆ ಕೂಡ.

ಶಸ್ತ್ರಚಿಕಿತ್ಸೆ ಯಾವ ದಿನವೆಂದು ಅಕ್ಕನಾದರೂ ಒಂದು ಸಾಲು ಬರೆದರೆ ಸಾಕು.

ಇವನು


ಮೇ ೨೨

ಲೋ,

ಕಣ್ಣಿನದು ಆಯ್ತು, ಮೊನ್ನೆ. ಚೆನ್ನಾಗಿದಾರೆ. ಒಂದು ತಿಂಗಳು ಕಾಗದ ಪತ್ರ ಮುಟ್ಟಬಾರದು ಅಂದಿದಾರೆ ಡಾಕ್ಟ್ರು. ಮುಟ್ಟಬಹುದು ಅಂದಿದ್ರೂ ನಿಂಗೆ ಬರೀತಿದ್ರೋ ಇಲ್ವೋ ನಂಗೊತ್ತಿಲ್ಲ.

ನಿನ್ನ ಕಾಗದ ನಂಗೆ ಅವರು ಓದಿ ಹೇಳಲಿಲ್ಲ. ಅಡುಗೆಮನೆ ಕಟ್ಟೆ ಮೇಲೆ ಇಟ್ಟು ಹೊರಗೆ ಹೋದ್ರು. ನಾನೇ ಓದಿದೆ. ಓದಿ ಮೊದಲು ನಗು ಬಂತು, ಆಮೇಲೆ ನಿನ್ನ ಕಪಾಳಕ್ಕೆ ಎರಡು ಬಿಡಬೇಕು ಅನ್ನಿಸ್ತು. ನನ್ನ ತಮ್ಮ ಗೆದ್ದ, ನನ್ನ ತಮ್ಮ ಗೆದ್ದ ಅಂತ ಊರೆಲ್ಲ ಹೇಳ್ಕೊಂಡು ಬಂದವಳು ನಾನು ಕಣೋ. ಗಂಡ ಸೋತಿದ್ದು ಒಂದು ಲೆಕ್ಕವೇ ಅಲ್ಲ ಅನ್ನೋ ಹಾಗೆ.

ಆ ಟವೆಲ್ ಇನ್ನೂ ಇದೆ. ನೆಲ ಒರೆಸ್ತಿದ್ದೆ. ಹೋದ ವಾರ ಅವರು ಅದನ್ನ ಬಕೆಟ್ಟಿಂದ ತೆಗೆದು, ಸೋಪು ಹಾಕಿ ಒಗೆದು, ಒಣಗಿಸಿ, ತಮ್ಮ ಬಣ್ಣದ ಮೇಜಿನ ಮೇಲೆ ಮಡಚಿ ಇಟ್ಕೊಂಡಿದಾರೆ. ಯಾಕೆ ಅಂತ ನಾ ಕೇಳಿಲ್ಲ.

ಬೀದಿ ತಿರುವಿನ ತನಕ ಬಂದು ವಾಪಸ್ ಹೋದ್ಯಂತೆ. ಹಾಗೆ ಬರೋದಾದ್ರೆ ಬರಬೇಡ. ಬಂದ್ರೆ ಗೇಟು ತೆಗೆದು ಒಳಗೆ ಬರಬೇಕು, ಬೈಸ್ಕೋಬೇಕು, ಊಟ ಮಾಡಿ ಹೋಗಬೇಕು.

ಅಕ್ಕ


ಜೂನ್ ೨೦

ನಿನಗೆ,

ಎಡಗಣ್ಣಿಗೂ ದಿನ ಗೊತ್ತಾಗಿದೆ. ಬಲಗಣ್ಣಿನಲ್ಲಿ ಈಗ ನೇರಳೆ ನೇರಳೆಯಾಗೇ ಕಾಣುತ್ತದೆ. ಪಟ್ಟಿ ಬಿಚ್ಚಿದ ದಿನ ಮೂವತ್ತೆಂಟನ್ನೂ, ನಿನಗೆ ಕಳಿಸಿದ ಮೂರರ ಜೋಡಿಗಳನ್ನೂ ಸೇರಿಸಿ, ಹಗ್ಗಕ್ಕೆ ನೇತುಹಾಕಿ, ಟವೆಲ್ ಪಕ್ಕದಲ್ಲಿ ಹಿಡಿದು ನೋಡಿದೆ. ಒಂದೂ ಹೊಂದಲಿಲ್ಲ. ಇಪ್ಪತ್ತೇಳನೆಯದು ಸ್ವಲ್ಪ ಹತ್ತಿರ. ನೀನು ಹೇಳಿದ ಒಂಬತ್ತನೆಯದಂತೂ ಮೈಲಿ ದೂರ. ಅಲ್ಲಿಗೆ ನಿನಗೆ ಬಣ್ಣದ ತಿಳಿವಳಿಕೆಯೂ ಇಲ್ಲ ಅಂತ ಗೊತ್ತಾಯಿತು.

ಸಿಟ್ಟು ಬಂದಿಲ್ಲ ಅಂದರೆ ಸುಳ್ಳಾಗುತ್ತದೆ. ಐವತ್ತು ಗ್ರಾಮಿಗಲ್ಲ. ಆ ಬಟ್ಟಲು ನಮ್ಮ ಮನೆಗೆ ಬಂದಿದ್ದರೂ ನಿನ್ನ ಅಕ್ಕ ಅದರಲ್ಲಿ ಗುಂಡುಸೂಜಿ ಹಾಕಿಡುತ್ತಿದ್ದಳು. ಸಿಟ್ಟು ಬಂದದ್ದು ಬೇರೆಯದಕ್ಕೆ. ಅವತ್ತು ನೀನು ಬಂದಾಗ ನಿನ್ನ ಉಗುರಲ್ಲಿ ಮಣ್ಣಿತ್ತು. ನಾನು ನೋಡಿದೆ. ದಡ ಹತ್ತುವಾಗ ಜಾರಿ ಕೈ ಊರಿದ್ದಾನೆ ಅಂದುಕೊಂಡೆ. ಒರೆಸಿಕೊಳ್ಳಲಿ ಅಂತ ಟವೆಲ್ ಕೊಡಲು ಹೆಗಲಿಗೆ ಕೈ ಹಾಕಿದ್ದೆ. ನೀನು ಅದನ್ನೇ ನೋಡಿ ಬಣ್ಣ ಹೇಳಿದೆ. ಆಮೇಲೆ ಅದರಲ್ಲೇ ಕೈ ಒರೆಸಿಕೊಂಡೆ. ಈ ಕೊನೆಯದನ್ನು ನೀನು ಬರೆಯಲಿಲ್ಲ. ಮರೆತಿರಬಹುದು.

ಬಣ್ಣ ನೋಡುವುದೇ ಕಸುಬು ಅಂತ ಹೇಳಿಕೊಳ್ಳುವವನು ನಾನು. ಮಣ್ಣು ಕಂಡರೂ ಮಣ್ಣು ಅಂತ ಗೊತ್ತಾಗಲಿಲ್ಲ. ನನಗೆ ನಾಚಿಕೆಯಾದದ್ದು ಅದಕ್ಕೆ. ನಿನ್ನ ನಾಚಿಕೆ ನಿನಗಿರಲಿ, ಅದರಲ್ಲಿ ನನಗೆ ಪಾಲು ಬೇಡ.

ಸಂಘದ ಆ ನಾಲ್ಕು ಜನ, ತಕ್ಕಡಿ ಬಣ್ಣದಲ್ಲಿ ಹಿಡಿದೆವು ಅಂದವರು, ಅವರ ಉಗುರನ್ನೂ ಒಮ್ಮೆ ನೋಡಬೇಕಿತ್ತು.

ಪುಸ್ತಕ ಅಚ್ಚಿನ ಮನೆಯಲ್ಲಿದೆ. ಮೊದಲ ಪುಟ ಕಿತ್ತು ಹಾಕಿದೆ. ತಕ್ಕಡಿ ಬಣ್ಣವನ್ನೂ, ಕೈಯ ಬಗ್ಗೆ ಬರೆದ ಸಾಲನ್ನೂ ಹೊಡೆದು ಹಾಕಿದೆ. ಹಾಗಾಗಿ ರಾಡಿ ನೀರಿನ ಪುಟ ಪೂರ್ತಿ ಖಾಲಿ. “ಹೀಗೇ ಬಿಟ್ರೆ ಜನ ನಮ್ಮ ಮಿಷಿನ್ ತಪ್ಪು ಅಂದ್ಕೋತಾರೆ ಸಾರ್” ಅಂತ ಅಚ್ಚಿನವನು ಗೋಳಾಡುತ್ತಾನೆ. ಹತ್ತು ದಿನ ತಡೆ ಅಂದಿದ್ದೇನೆ.

ನಿನ್ನನ್ನು ಕೇಳುವುದು ಒಂದೇ. ಇಪ್ಪತ್ತೆರಡು ಜನರ ಬಣ್ಣ ಬಿಟ್ಟು, ಅಂಥ ಇಟ್ಟಿಗೆ ನೀರಿನಲ್ಲಿ ಆ ಮೀನು ಬಂದು ಕಚ್ಚಿದ್ದು ಆ ಹುಳವನ್ನು. ವಾಸನೆಗೆ ಬಂತು ಅನ್ನುತ್ತಾರೆ. ಇರಬಹುದು. ಆದರೂ ನಾನು ವಾಸನೆ ಬಳಿಯುವವನಲ್ಲ.

ಆ ಹುಳ ಯಾವ ಬಣ್ಣ ಇತ್ತು?

ಭಾವ


ಜೂನ್ ೨೮

ಭಾವ,

ಟವೆಲ್ಲಿನಲ್ಲಿ ಕೈ ಒರೆಸಿಕೊಂಡದ್ದು ನಿಜ. ಮರೆತಿರಲಿಲ್ಲ. ಅದನ್ನು ಬರೆದು, ಮತ್ತೆ ಆ ಹಾಳೆಯನ್ನು ಹರಿದು, ಅಷ್ಟನ್ನು ಬಿಟ್ಟು ಇನ್ನೊಂದು ಹಾಳೆಯಲ್ಲಿ ಬರೆದಿದ್ದೆ. ಎಲ್ಲವನ್ನೂ ಹೇಳಿದ್ದೇನೆ ಎಂದು ನೀವು ನಂಬಬೇಕೆಂಬ ಆಸೆ ಆ ಹೊತ್ತಿನಲ್ಲೂ ಇತ್ತು.

ನಿಮ್ಮ ಪ್ರಶ್ನೆಗೆ ನೆನಪಿನಿಂದ ಉತ್ತರಿಸಲು ಹೆದರಿಕೆಯಾಯಿತು. ಇಂದು ಬೆಳಿಗ್ಗೆ ಮನೆಯ ಹಿಂದಿನ ನಲ್ಲಿಯ ಬಳಿ ಹೋದೆ. ನೀರು ಸದಾ ತೊಟ್ಟಿಕ್ಕುವ ಜಾಗ. ಅಲ್ಲಿ ಒಂದು ಕಲ್ಲಿದೆ. ಎತ್ತಿದೆ. ಅಂಥದೇ ಒಂದು ಇತ್ತು. ಅಂಗೈಯಲ್ಲಿಟ್ಟುಕೊಂಡು, ಮೊದಲು ನೆರಳಿನಲ್ಲಿ, ಆಮೇಲೆ ಬಿಸಿಲಿನಲ್ಲಿ, ಆಮೇಲೆ ಬಕೆಟ್ಟಿನ ನೀರಿಗೆ ಮಣ್ಣು ಕದಡಿ ಅದರಲ್ಲಿ ನೋಡಿದೆ. ಪಕ್ಕದ ಮಹಡಿಯಿಂದ ಯಾರೋ, “ಏನ್ ಸಾರ್, ಕಳ್ಕೊಂಡ್ರಾ ಏನಾದ್ರೂ?” ಎಂದರು.

ತಲೆಯ ಕಡೆ ಬೆಂದ ಇಟ್ಟಿಗೆಯ ಕೆಂಪು. ಬಾಲದ ಕಡೆಗೆ ಹೋದಂತೆ ಅದು ಮಾಸುತ್ತದೆ. ಹೊಟ್ಟೆ ಗುಲಾಬಿಯಲ್ಲ, ಗಾಯ ಮಾಗುವಾಗ ಬರುವ ಚರ್ಮದ ಬಣ್ಣ. ತಲೆಯಿಂದ ಮೂರರಲ್ಲಿ ಒಂದು ಭಾಗದಷ್ಟು ಕೆಳಗೆ, ಉಂಗುರ ತೊಡಿಸಿದಂತೆ ಒಂದು ದಪ್ಪ ಪಟ್ಟಿ. ರಾಡಿ ನೀರಿನಲ್ಲಿ ಉಳಿದೆಲ್ಲ ಬಣ್ಣ ಕರಗಿ ಮೊದಲು ಕಾಣುವುದು ಅದು. ಅದರ ಬಣ್ಣವನ್ನು ಬೇರೆ ಯಾವುದಾದರೂ ಹೆಸರಿನಿಂದ ಕರೆಯಲು ನೋಡಿದೆ. ಆಗಲಿಲ್ಲ. ಅದು ಕಿತ್ತಳೆ.

ಇನ್ನೊಂದಿದೆ. ಬರೆಯಬೇಕೋ ಬೇಡವೋ ಎಂದು ಮಧ್ಯಾಹ್ನದವರೆಗೆ ಯೋಚಿಸಿದೆ. ಬರೆದರೆ ನೀವು ನಂಬಲಾರಿರಿ, ಬರೆಯದಿದ್ದರೆ ಮತ್ತೆ ಹಾಳೆ ಹರಿದಂತೆ. ಒದ್ದೆ ಬೆನ್ನನ್ನು ಬಿಸಿಲಿಗೆ ಓರೆಯಾಗಿ ಹಿಡಿದಾಗ ಅದರ ಮೇಲೆ ಒಂದು ತೆಳು ಹೊಳಪು ಓಡುತ್ತದೆ. ಅದು ನೇರಳೆ. ಬದನೆಕಾಯಿ ಸಿಪ್ಪೆಯದಲ್ಲ, ಶಾಯಿಯದಲ್ಲ, ಟವೆಲ್ಲಿನದೂ ಅಲ್ಲ. ಇದಕ್ಕೆ ನನ್ನ ಮಾತನ್ನು ಆಧಾರ ಮಾಡಿಕೊಳ್ಳಬೇಡಿ. ನಿಮ್ಮ ಹಿತ್ತಲಲ್ಲೂ ಕಲ್ಲುಗಳಿವೆ, ನಿಮಗೀಗ ಕಣ್ಣಿದೆ. ನೀವೇ ಎತ್ತಿ ನೋಡಿದ ಮೇಲೆ ಬಳಿಯಿರಿ, ಅಥವಾ ಪುಟವನ್ನು ಖಾಲಿ ಬಿಡಿ. ಬಿಳಿ ಗೆರೆ ಎಲ್ಲೂ ಇಲ್ಲ.

ಅದನ್ನು ಇದ್ದ ಜಾಗದಲ್ಲೇ ಬಿಟ್ಟು, ಕಲ್ಲು ಮುಚ್ಚಿ, ಒಳಗೆ ಬಂದು ಬರೆಯಲು ಕುಳಿತೆ. ಕೈ ತೊಳೆದಿಲ್ಲ. ಹಾಳೆಯ ಬಲ ಅಂಚಿನಲ್ಲಿ, ಕೆಳಗೆ, ಹೆಬ್ಬೆರಳಿನ ಮಣ್ಣಿನ ಗುರುತಿದೆ. ಒರೆಸದೆ ಹಾಗೆಯೇ ಬಿಟ್ಟಿದ್ದೇನೆ.

ಅಕ್ಕನ ತಮ್ಮ